ಈ ರಾಜ್ಯೋತ್ಸವಕ್ಕೆ ಗೆಡ್ಡೆ ನೆಡೋಣ

ಉತ್ತರ ಅಮೆರಿಕದ ವಾರಾಂತ್ಯದ ಕನ್ನಡ ಶಾಲೆಗಳ ಪೋಷಕರಿಗೂ ಶಿಕ್ಷಕರಿಗೂ ಒಂದು ಬಹಿರಂಗ ಪತ್ರ



ಸೆಪ್ಟೆಂಬರ್ ಬಂತು, ನಮ್ಮ ತರಗತಿಗಳು ಮತ್ತೆ ಶುರು. ಬಾಡಿಗೆ ಕೋಣೆ, ಗೋಡೆಯ ಮೇಲೆ ಬೇರೆ ಯಾರದೋ ಮಕ್ಕಳು ಅಂಟಿಸಿದ ಚಿತ್ರ, ಪಾರ್ಕಿಂಗ್ ಸಿಗದೆ ತಡವಾಗಿ ಬರುವ ಅರ್ಧ ತರಗತಿ. ಡಲ್ಲಾಸ್ ಆಗಲಿ ಮಿನಿಯಾಪೊಲಿಸ್ ಆಗಲಿ, ಇದರಲ್ಲಿ ಹೆಚ್ಚೇನೂ ವ್ಯತ್ಯಾಸ ಇರಲಾರದು. ನಾನು ವಿಸ್ಕಾನ್ಸಿನ್ ರಾಜ್ಯದ ಇಂಥದೇ ಒಂದು ಭಾನುವಾರದ ಶಾಲೆಯಲ್ಲಿ ಎರಡನೇ ಹಂತದ ಮಕ್ಕಳಿಗೆ ಪಾಠ ಹೇಳುವವಳು. ಈ ವರ್ಷದ ಪಾಠಪಟ್ಟಿ ಗಟ್ಟಿಯಾಗುವ ಮುಂಚೆ ನಿಮ್ಮೆಲ್ಲರಲ್ಲಿ ಒಂದು ಬೇಡಿಕೆ: ರಾಜ್ಯೋತ್ಸವದ ಹಿಂದುಮುಂದಿನ ಒಂದು ತರಗತಿಯನ್ನು ಮಣ್ಣಿಗೆ ಬಿಟ್ಟುಕೊಡಿ. ಮಕ್ಕಳ ಕೈಯಲ್ಲಿ ಟ್ಯುಲಿಪ್ ಗೆಡ್ಡೆ ನೆಡಿಸೋಣ. ವಸಂತ ಬಂದದ್ದನ್ನು ಅವರೇ ನೋಡಿ, ದಿನಾಂಕ ಹಾಕಿ, ಕನ್ನಡದಲ್ಲಿ ಬರೆದಿಡಲಿ.

ಋತುಗಳ ಪಾಠ ನಮ್ಮಲ್ಲಿ ನಡುಚಳಿಗಾಲದಲ್ಲಿ ಬರುತ್ತದೆ. ಚೈತ್ರ ವೈಶಾಖ ವಸಂತ, ಜ್ಯೇಷ್ಠ ಆಷಾಢ ಗ್ರೀಷ್ಮ ಎಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. ವಸಂತದಲ್ಲಿ ಏನಾಗುತ್ತದೆ ಎಂದು ಕೇಳಿದರೆ ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ. ಉತ್ತರ ಸರಿ, ಪೂರ್ತಿ ಅಂಕ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಮ್ಮ ಮಕ್ಕಳು ಊರಿಗೆ ಹೋಗುವುದು ಯಾವಾಗ? ಇಲ್ಲಿನ ಶಾಲೆಗೆ ರಜೆ ಸಿಕ್ಕಾಗ, ಅಂದರೆ ಜೂನ್-ಜುಲೈನಲ್ಲಿ ಇಲ್ಲವೇ ಡಿಸೆಂಬರಿನಲ್ಲಿ. ಹೋದಾಗ ಒಂದೋ ಮಳೆ, ಇಲ್ಲವೇ ಮಾಗಿಯ ಚಳಿ. ಹೊಂಗೆಯ ಎಳೆ ಚಿಗುರು ಬಿಸಿಲಿಗೆ ಮಿರುಗುವುದನ್ನು, ಬೇವಿನ ಹೂವು ಅಂಗಳದಲ್ಲಿ ಉದುರಿ ಬಿದ್ದದ್ದನ್ನು ಕಣ್ಣಾರೆ ಕಂಡ ಮಗು ನನ್ನ ತರಗತಿಯಲ್ಲಿ ಒಂದೂ ಇಲ್ಲ. ಕರ್ನಾಟಕದ ವಸಂತ ಅವರಿಗೆ ಬರೀ ಬಾಯಿಪಾಠ. ಇಲ್ಲಿನ ವಸಂತ ಕಣ್ಣೆದುರಿಗೇ ಬಂದು ಹೋಗುತ್ತದೆ, ಆದರೆ ಅದನ್ನು ಕನ್ನಡದಲ್ಲಿ ಹೇಳಿಕೊಡುವವರಿಲ್ಲ.

ಟ್ಯುಲಿಪ್ ಎಂದೊಡನೆ ನಮ್ಮ ವಯಸ್ಸಿನವರಿಗೆ ಸಿಲ್‌ಸಿಲಾ ಸಿನಿಮಾದ ಹಾಡು ಕಣ್ಣಿಗೆ ಕಟ್ಟುತ್ತದೆ. ಮಿಡ್‌ವೆಸ್ಟ್‌ನಲ್ಲಿರುವ ನಾವು ಕಾರು ತುಂಬಿಕೊಂಡು ಮಿಶಿಗನ್‌ನ ಹಾಲೆಂಡ್ ಪಟ್ಟಣಕ್ಕೆ ಹೋಗಿ, 1929ರಲ್ಲಿ ಶುರುವಾದ ಆ ಟ್ಯುಲಿಪ್ ಉತ್ಸವದಲ್ಲಿ ಫೋಟೊ ತೆಗೆಸಿಕೊಂಡು ಬರುತ್ತೇವೆ. ನಾನು ಹೇಳುತ್ತಿರುವ ಟ್ಯುಲಿಪ್ ಅದಲ್ಲ. ಎಲಿಜಬೆತ್ ಹೋವರ್ಡ್ ಅವರು 1994ರಲ್ಲಿ ಜರ್ನಿ ನಾರ್ತ್ ಎಂಬ ಯೋಜನೆ ಆರಂಭಿಸಿದರು. ಮೆಕ್ಸಿಕೊದಿಂದ ಹೊರಟ ಮೊನಾರ್ಕ್ ಚಿಟ್ಟೆ ಯಾವ ದಿನ ಯಾವ ಊರಿನಲ್ಲಿ ಕಂಡಿತು, ಮೊದಲ ಹಮ್ಮಿಂಗ್‌ಬರ್ಡ್ ಎಲ್ಲಿ ಬಂತು ಎಂದು ಶಾಲಾಮಕ್ಕಳು ವರದಿ ಮಾಡುತ್ತಾರೆ, ಅದೆಲ್ಲ ಒಂದೇ ಭೂಪಟದ ಮೇಲೆ ಚುಕ್ಕೆಯಾಗಿ ಮೂಡುತ್ತದೆ. ಟ್ಯುಲಿಪ್ ತೋಟಗಳು ಈ ಯೋಜನೆಯ ಇನ್ನೊಂದು ಕವಲು. ಸಾವಿರಾರು ಮೈಲಿ ಅಂತರದ ಶಾಲೆಗಳು ಒಂದೇ ತಳಿಯ ಗೆಡ್ಡೆಯನ್ನು ಒಂದೇ ಕ್ರಮದಲ್ಲಿ ನೆಡುತ್ತವೆ. ಮೊಳಕೆ ಮಣ್ಣು ಸೀಳಿದ ದಿನ ಒಂದು ವರದಿ, ಹೂವು ಬಿರಿದ ದಿನ ಇನ್ನೊಂದು. ಫೆಬ್ರವರಿಯಿಂದ ಮೇವರೆಗೆ ವಸಂತ ತೆಂಕಣದಿಂದ ಬಡಗಣಕ್ಕೆ ಏರುವುದು ಆ ಚುಕ್ಕೆಗಳಲ್ಲಿ ಕಾಣುತ್ತದೆ. 2019ರ ಹೊತ್ತಿಗೆ ಈ ಯೋಜನೆ ನಮ್ಮ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಬೊರೇಟಂ ಆಶ್ರಯಕ್ಕೆ ಬಂತು. ನನ್ನ ಉತ್ಸಾಹಕ್ಕೆ ಊರಭಿಮಾನವೂ ಸ್ವಲ್ಪ ಕಾರಣ ಎಂದುಕೊಳ್ಳಿ.

ಆ ತಳಿಯ ಹೆಸರು ರೆಡ್ ಎಂಪರರ್. ಕಡುಕೆಂಪು ಹೂವು, ಬೇಗ ಅರಳುವ ಜಾತಿ. ಇದರ ಮೂಲ ಸಸ್ಯ ಹಾಲೆಂಡಿನದಲ್ಲ, ಸಮರ್ಕಂದದ ಆಸುಪಾಸಿನ ಬೆಟ್ಟಗಳದ್ದು. ಒಂದೇ ತಳಿ ಏಕೆ ಬೇಕು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಮುಖ್ಯ. ತಳಿ ಟ್ಯುಲಿಪ್ ಹೆಚ್ಚುವುದು ಬೀಜದಿಂದಲ್ಲ, ತಾಯಿಗೆಡ್ಡೆಯ ಮಗ್ಗುಲಲ್ಲಿ ಮೂಡುವ ಮರಿಗೆಡ್ಡೆಯಿಂದ. ಹಾಗಾಗಿ ಜಗತ್ತಿನ ರೆಡ್ ಎಂಪರರ್ ಗೆಡ್ಡೆಗಳೆಲ್ಲ ವಂಶವಾಹಿಯ ಲೆಕ್ಕದಲ್ಲಿ ಒಂದೇ ಗಿಡ. ಸೇಂಟ್ ಲೂಯಿಸ್‌ನಲ್ಲಿ ಅದು ಬೇಗ ಮೊಳೆತು ಮಿನಿಯಾಪೊಲಿಸ್‌ನಲ್ಲಿ ತಡವಾಯಿತೆಂದರೆ ಗಿಡದ ಗುಣವನ್ನು ದೂರುವಂತಿಲ್ಲ. ವ್ಯತ್ಯಾಸವೆಲ್ಲ ನೆಲದ್ದು, ಗಾಳಿಯದ್ದು, ಬಿಸಿಲಿನದ್ದು. ಇದೇ ತರ್ಕದಿಂದ ಜೋಸೆಫ್ ಕ್ಯಾಪ್ರಿಯೊ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಂಟಾನಾದಲ್ಲಿ ಲೈಲಾಕ್ ಗಿಡ ಹೂಬಿಡುವ ದಿನ ಬರೆದಿಡುವ ಸ್ವಯಂಸೇವಕರ ಬಳಗ ಕಟ್ಟಿದರು. ಮುಂದೆ ಪೂರ್ವದ ರಾಜ್ಯಗಳಲ್ಲಿ ತದ್ರೂಪಿ ಲೈಲಾಕ್ ಗಿಡಗಳನ್ನೇ ಹಂಚಲಾಯಿತು. ಇಂದು ಅಮೆರಿಕದಲ್ಲಿ ವಸಂತ ಎಷ್ಟು ಬೇಗ ಬಂತು ಎಂದು ಹೇಳುವ ಸೂಚ್ಯಂಕಗಳ ಬುಡದಲ್ಲಿ ಮನೆಯ ಹಿತ್ತಲಲ್ಲಿ ಲೈಲಾಕ್ ನೋಡುತ್ತಿದ್ದ ಅಂಥವರ ದಾಖಲೆಗಳೇ ಇವೆ.

ಇಲ್ಲಿಂದ ಮುಂದೆ ನಾನು ಸ್ವಲ್ಪ ಕಟುವಾಗಿ ಮಾತಾಡಬೇಕಾಗುತ್ತದೆ, ಅದೂ ಪೋಷಕರ ಜೊತೆ.

ಈ ಟ್ಯುಲಿಪ್ ಅಲಂಕಾರದ ಗಿಡವಲ್ಲ, ಅಳತೆಯ ಸಾಧನ. ಥರ್ಮಾಮೀಟರನ್ನು ಕಾಫಿ ಲೋಟದಲ್ಲಿ ಅದ್ದಿ ಮಗುವಿನ ಜ್ವರ ನೋಡುವವರಿಲ್ಲ. ನೆಟ್ಟ ಗೆಡ್ಡೆಯ ಮೇಲೆ ಪ್ರೀತಿ ತೋರಿಸಿದಷ್ಟೂ ಅದು ಸುಳ್ಳು ಹೇಳುತ್ತದೆ. ದಕ್ಷಿಣದ ಗೋಡೆಯ ಬುಡದಲ್ಲಿ ನೆಡಬೇಡಿ. ಕಟ್ಟಡದ ಬಿಸಿ ಅಲ್ಲಿನ ಮಣ್ಣಿಗೆ ಇಳಿದು ಮೊಳಕೆ ದಿನಗಟ್ಟಲೆ ಮುಂಚೆ ಬರುತ್ತದೆ. ಬಿಸಿಲು ಬೀಳುವ ಬಯಲಿನಲ್ಲಿ, ಗೋಡೆ ಡಾಂಬರುಗಳಿಂದ ದೂರದಲ್ಲಿ, ಸುಮಾರು ಏಳು ಅಂಗುಲ ಆಳದಲ್ಲಿ, ಚೂಪು ತುದಿ ಮೇಲಾಗಿ ನೆಡಿ. ಮೇಲೆ ಮಲ್ಚ್ ಹಾಸಬೇಡಿ. ಫೆಬ್ರವರಿಯಲ್ಲಿ ನಾಲ್ಕು ದಿನ ಬಿಸಿಲು ಕಾದು ಮೊಳಕೆ ತಲೆ ಹಾಕಿ, ಐದನೇ ದಿನ ಹಿಮ ಸುರಿದರೆ ಹಳೇ ಬೆಡ್‌ಶೀಟ್ ಹಿಡಿದು ಓಡಬೇಡಿ. ಟ್ಯುಲಿಪ್‌ನ ಎಲೆತುದಿಗೆ ಹಿಮ ಹೊಸದಲ್ಲ, ಬೆಟ್ಟದ ಸೀಮೆಯಿಂದ ಬಂದ ಗಿಡ ಅದು. ಅದನ್ನು ಕಾಪಾಡುವುದು ನಮ್ಮ ಕೆಲಸವಲ್ಲ, ನೋಡುವುದು ನಮ್ಮ ಕೆಲಸ.

ಗೋಡೆ ಪಕ್ಕ ನೆಡಲೇಬೇಕೆನ್ನುವ ಹಟವಿದ್ದರೆ ಎರಡು ತೋಟ ಮಾಡಿ. ಬಯಲಿನದ್ದು ಲೆಕ್ಕಕ್ಕೆ, ಗೋಡೆಯದ್ದು ಹೋಲಿಕೆಗೆ. ನಿಜ ಹೇಳಬೇಕೆಂದರೆ ಮಕ್ಕಳಿಗೆ ಇದೇ ಹೆಚ್ಚು ಖುಷಿ ಕೊಡುತ್ತದೆ: ಒಂದೇ ಗೆಡ್ಡೆ, ಒಂದೇ ಊರು, ಒಂದೇ ದಿನ ನೆಟ್ಟದ್ದು, ಆದರೂ ಒಂದಕ್ಕೆ ಮೊದಲೇ ವಸಂತ ಬಂದುಬಿಟ್ಟಿತು. ಯಾಕೆ ಎಂದು ಅವರೇ ಕೇಳುತ್ತಾರೆ.

ಮೊಳಕೆ ಎಂದರೆ ಯಾವುದು, ಅರಳಿತು ಎಂದರೆ ಏನು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ತೋಟದ ಮೊದಲ ಗೆಡ್ಡೆಯ ಎಲೆತುದಿ ಮಣ್ಣಿನ ಮೇಲೆ ಕಂಡರೆ ಅದು ಮೊಳಕೆ. ಎಸಳು ಬಿಡಿಸಿಕೊಂಡು ಹೂವಿನ ಒಳಗು ಕಾಣುವಂತಾದರೆ ಅರಳಿತು. ಮೊಗ್ಗು ಬಣ್ಣ ತಿರುಗಿದ್ದು ಲೆಕ್ಕಕ್ಕಿಲ್ಲ. ಬೆರಳಿನಿಂದ ಮಣ್ಣು ಕೆದಕಿ ನೋಡುವುದೂ ಇಲ್ಲ. ಪಕ್ಕದ ಊರಿನ ಶಾಲೆಯಲ್ಲಿ ಮೊಳಕೆ ಬಂತಂತೆ, ನಮ್ಮದು ಯಾಕೆ ಬಂದಿಲ್ಲ ಎಂದು ವಾಟ್ಸಾಪ್ ಗುಂಪಿನಲ್ಲಿ ಕೇಳುವ ತಂದೆ ಪ್ರತಿ ಶಾಲೆಯಲ್ಲೂ ಒಬ್ಬರು ಇರುತ್ತಾರೆ. ಸ್ಪೆಲ್ಲಿಂಗ್ ಬೀ ಅಭ್ಯಾಸ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಇಲ್ಲಿ ಮೊದಲ ಬಹುಮಾನವಿಲ್ಲ ಸ್ವಾಮಿ. ತಡವಾಗಿ ಬಂದ ಮೊಳಕೆಯೂ ಮೊದಲು ಬಂದದ್ದರಷ್ಟೇ ಬೆಲೆಯುಳ್ಳ ಸುದ್ದಿ. ಅಳಿಲು ಗೆಡ್ಡೆ ಅಗೆದು ತಿಂದುಹೋದರೆ ಹಾಗೆಂದೇ ಬರೆಯಬೇಕು. ಜಿಂಕೆ ಮೊಗ್ಗು ಮೇಯ್ದುಬಿಟ್ಟರೆ ಅದನ್ನೂ ಬರೆಯಬೇಕು. ಬಾರದ ಹೂವಿಗೆ ಅಂದಾಜಿನ ದಿನಾಂಕ ಹಾಕುವುದಕ್ಕಿಂತ ಆ ಸಾಲು ಖಾಲಿ ಇರುವುದು ಮೇಲು.

ಗೆಡ್ಡೆಯೊಳಗೆ ಏನಿದೆ ಎಂದು ತೋರಿಸಲು ಒಂದನ್ನು ಬಲಿಕೊಡಿ. ಉದ್ದಕ್ಕೆ ಸೀಳಿದರೆ ಪದರಗಳ ನಡುವೆ ಪುಟ್ಟ ಎಲೆ, ಅದರೊಳಗೆ ಇನ್ನೂ ಪುಟ್ಟ ಹೂವು ಆಗಲೇ ರೂಪುಗೊಂಡು ಕೂತಿರುತ್ತದೆ. ಅಕ್ಟೋಬರಿನಲ್ಲೇ ಎಲ್ಲ ಸಿದ್ಧ. ಹಾಗಿದ್ದರೂ ಅದು ಹೊರಗೆ ಬರುವುದಿಲ್ಲ. ಸುಮಾರು 12ರಿಂದ 16 ವಾರ, 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ತಿಂದ ಮೇಲೆಯೇ ಕಾಂಡ ನೆಟ್ಟಗೆ ಉದ್ದವಾಗುವುದು. ಚಳಿ ಸಾಲದೆ ಹೋದರೆ ಹೂವು ನೆಲಕ್ಕಂಟಿಕೊಂಡು ಗಿಡ್ಡಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇಲ್ಲಿನ ಹಿಮವನ್ನು ಶಪಿಸುವ ನಮಗೆ ಇದು ಕೇಳಲು ವಿಚಿತ್ರ, ಆದರೆ ಆ ಕೆಂಪು ಹೂವು ಬೇಕಾದರೆ ಜನವರಿಯೂ ಬೇಕು.

ಟೆಕ್ಸಸ್, ಫ್ಲಾರಿಡಾ, ದಕ್ಷಿಣ ಕ್ಯಾಲಿಫೋರ್ನಿಯಾದ ಶಾಲೆಯವರೇ, ನಿಮ್ಮ ನೆಲಕ್ಕೆ ಆ ಚಳಿ ಇಲ್ಲ. ನೀವು ಗೆಡ್ಡೆಗಳನ್ನು ಅಕ್ಟೋಬರಿನಲ್ಲಿ ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಡಿಸೆಂಬರ್ ಕೊನೆಗೋ ಜನವರಿಗೋ ನೆಡಬೇಕು. ಎರಡು ಎಚ್ಚರಿಕೆ. ಸೇಬಿನ ಜೊತೆ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಒಳಗಿನ ಹೂವನ್ನು ಕೊಂದುಬಿಡುತ್ತದೆ. ಚೀಲದ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ. ಊರಿಂದ ಬಂದ ಅತ್ತೆಯವರು ಈರುಳ್ಳಿ ಎಂದುಕೊಂಡು ಹುಳಿಗೆ ಹೆಚ್ಚಿಬಿಟ್ಟಾರು. ತಮಾಷೆಯಲ್ಲ, ಟ್ಯುಲಿಪ್ ಗೆಡ್ಡೆ ತಿಂದರೆ ಹೊಟ್ಟೆ ಕೆಡುತ್ತದೆ, ಕೆಲವರಿಗೆ ಮುಟ್ಟಿದರೂ ಕೈ ತುರಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಸಿದ ಡಚ್ಚರು ಇದನ್ನು ಬೇಯಿಸಿ ತಿಂದರು. ಅದು ಬೇರೇನೂ ಸಿಗದ ಕಾಲ. ನಿಮ್ಮ ತೋಟದ ದಿನಾಂಕಗಳ ಪಕ್ಕದಲ್ಲಿ ‘ಫ್ರಿಜ್ ಗೆಡ್ಡೆ’ ಎಂದು ಗುರುತು ಹಾಕಿ. ನಮ್ಮ ಗೆಡ್ಡೆ ಕಂಡ ಚಳಿಗಾಲವೇ ಬೇರೆ, ನಿಮ್ಮದು ಕಂಡ ಚಳಿಗಾಲವೇ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಉಳಿದ ಶಾಲೆಗಳು ಒಂದು ಹಳೆಯ ಸೂತ್ರವನ್ನು ಪರೀಕ್ಷೆಗೆ ಒಡ್ಡಬಹುದು. ಆಂಡ್ರ್ಯೂ ಹಾಪ್‌ಕಿನ್ಸ್ ಎಂಬ ಕೀಟವಿಜ್ಞಾನಿ 1918ರಲ್ಲಿ ಹೇಳಿದ್ದು: ವಸಂತದ ಘಟನೆಗಳು ಉತ್ತರಕ್ಕೆ ಒಂದು ಅಕ್ಷಾಂಶ ಹೋದರೆ 4 ದಿನ ತಡ, 400 ಅಡಿ ಎತ್ತರಕ್ಕೆ ಏರಿದರೆ 4 ದಿನ ತಡ, ಪೂರ್ವಕ್ಕೆ 5 ರೇಖಾಂಶ ಸರಿದರೆ 4 ದಿನ ತಡ. ಸೇಂಟ್ ಲೂಯಿಸ್‌ಗೂ ಮಿನಿಯಾಪೊಲಿಸ್‌ಗೂ ನಡುವೆ ಸುಮಾರು ಆರೂವರೆ ಅಕ್ಷಾಂಶ, ಅಂದರೆ 26 ದಿನ. ಎತ್ತರದ ಲೆಕ್ಕಕ್ಕೆ ಇನ್ನು ಮೂರು ನಾಲ್ಕು ದಿನ ಸೇರುತ್ತದೆ. ಮಿನಿಯಾಪೊಲಿಸ್ ಸ್ವಲ್ಪ ಪಶ್ಚಿಮಕ್ಕಿರುವುದರಿಂದ ಎರಡು ದಿನದಷ್ಟು ಕಳೆಯುತ್ತದೆ. ಒಟ್ಟು ನಾಲ್ಕು ವಾರದ ಹತ್ತಿರ ಬಂತು. ನಿಜಕ್ಕೂ ಅಷ್ಟಾಗುತ್ತದೆಯೇ? ಎರಡೂ ಊರಿನ ಕನ್ನಡ ಮಕ್ಕಳು ಪರಸ್ಪರ ಫೋನು ಮಾಡಿ ಕೇಳಿಕೊಳ್ಳಲಿ. ಸೂತ್ರ ತಪ್ಪಿದರೆ ಇನ್ನೂ ಒಳ್ಳೆಯದು, ಮಾತಾಡಲು ವಿಷಯ ಸಿಗುತ್ತದೆ. ಅಕ್ಷಾಂಶ, ಗುಣಾಕಾರ, ಭೂತಕಾಲ, ಪ್ರಶ್ನಾರ್ಥಕ ಎಲ್ಲ ಒಂದೇ ಕರೆಯಲ್ಲಿ ಮುಗಿಯುತ್ತದೆ.

‘ನಾವಿರುವುದು ಕನ್ನಡ ಕಲಿಸಲು, ವಿಜ್ಞಾನ ಕಲಿಸಲು ಅವರ ಶಾಲೆ ಇದೆಯಲ್ಲ’ ಎಂದು ನಿಮ್ಮಲ್ಲಿ ಕೆಲವರು ಹೇಳುವುದು ನನಗೆ ಗೊತ್ತು. ಒಪ್ಪುತ್ತೇನೆ, ಆದ್ದರಿಂದಲೇ ಈ ಪತ್ರ. ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯುವುದೆಲ್ಲ ಬರೀ ಬರೆಯುವುದಕ್ಕಾಗಿ ಬರೆದದ್ದು. ‘ನನ್ನ ಹೆಸರು ಅನನ್ಯ. ನನಗೆ ಇಬ್ಬರು ತಮ್ಮಂದಿರು.’ ಇದು ಮಗುವಿಗೂ ಗೊತ್ತು, ಓದುವ ಮೇಡಂಗೂ ಗೊತ್ತು. ತೋಟದ ಪುಸ್ತಕದಲ್ಲಿ ಹಾಗಲ್ಲ. ‘ಮಾರ್ಚ್ 22. ಹಿಮ ಕರಗಿದೆ. ಮೊಳಕೆ ಕಾಣಲಿಲ್ಲ’ ಎಂದು ಒಂಬತ್ತು ವರ್ಷದ ಹುಡುಗ ಬರೆದರೆ, ಅವನು ಬರೆಯುವ ತನಕ ಆ ಸುದ್ದಿ ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಭಾಷೆಗೆ ಕೆಲಸ ಕೊಡುವುದೆಂದರೆ ಇದು. ಕುಡಿ, ಮೊಗ್ಗು, ಎಸಳು, ಗೇಣು, ಬೆರಳಗಲ ಎಂಬ ಪದಗಳನ್ನು ಫ್ಲ್ಯಾಶ್‌ಕಾರ್ಡಿನಲ್ಲಿ ಎಷ್ಟು ಸಲ ತೋರಿಸಿದ್ದೇವೆ! ಮಣ್ಣಿನ ಮುಂದೆ ಕೂತಾಗ ಮಗು ತಾನಾಗಿಯೇ ಕೇಳುತ್ತದೆ, ‘ಆಂಟಿ, ಇದಕ್ಕೇನಂತಾರೆ?’

ಇಂಥ ಪುಸ್ತಕಕ್ಕೆ ದೊಡ್ಡವರ ಪರಂಪರೆಯೂ ಇದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ 1736ರಿಂದ ವಸಂತದ ಕುರುಹುಗಳನ್ನು ಬರೆಯತೊಡಗಿದ, ಅವನ ಮನೆತನದವರು 1958ರವರೆಗೂ ಅದನ್ನು ಮುಂದುವರಿಸಿದರು. ಕ್ಯೋಟೊ ನಗರದ ಚೆರ್ರಿ ಹೂವಿನ ದಾಖಲೆಗಳು ಕ್ರಿ.ಶ. 812ರಷ್ಟು ಹಿಂದಕ್ಕೆ ಹೋಗುತ್ತವೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಬಂದಾಗ, ಸಾವಿರದಿನ್ನೂರು ವರ್ಷಗಳಲ್ಲೇ ಇಷ್ಟು ಬೇಗ ಬಂದದ್ದಿಲ್ಲ ಎಂದು ಹೇಳಲು ಸಾಧ್ಯವಾದದ್ದು ಅರಮನೆಯವರೂ ಸನ್ಯಾಸಿಗಳೂ ದಿನಚರಿ ಬರೆದಿಟ್ಟಿದ್ದರಿಂದ.

ನಮ್ಮ ವಿಸ್ಕಾನ್ಸಿನ್‌ನ ಕತೆಯನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ. ಆಲ್ಡೊ ಲಿಯೊಪೋಲ್ಡ್ ಮ್ಯಾಡಿಸನ್‌ನಲ್ಲಿ ಪ್ರೊಫೆಸರ್ ಆಗಿದ್ದವರು. ಸಾಕ್ ಕೌಂಟಿಯಲ್ಲಿ ಬಡಕಲು ಹೊಲವೊಂದನ್ನು ಕೊಂಡು, ಅಲ್ಲಿದ್ದ ಕೋಳಿಗೂಡನ್ನೇ ದುರಸ್ತಿ ಮಾಡಿಕೊಂಡು, ವಾರಾಂತ್ಯಗಳಲ್ಲಿ ಹೆಂಡತಿ ಮಕ್ಕಳೊಂದಿಗೆ ಹೋಗಿ ಇರುತ್ತಿದ್ದರು. ಯಾವ ಹೂವು ಎಂದು ಅರಳಿತು, ಯಾವ ಹಕ್ಕಿ ಎಂದು ಬಂತು ಎಂದು 1930ರ ದಶಕದ ನಡುವಿನಿಂದ ಬರೆದಿಟ್ಟು, 1947ರಲ್ಲಿ ಸಾರಾ ಜೋನ್ಸ್ ಜೊತೆ ಪ್ರಕಟಿಸಿದರು. ಮರುವರ್ಷ ತೀರಿಕೊಂಡರು. 1976ರಲ್ಲಿ ಮಗಳು ನೀನಾ ಲಿಯೊಪೋಲ್ಡ್ ಬ್ರ್ಯಾಡ್ಲಿ ಅದೇ ಜಾಗದಲ್ಲಿ ಅವೇ ಗಿಡ, ಅವೇ ಹಕ್ಕಿಗಳನ್ನು ಮತ್ತೆ ಗಮನಿಸತೊಡಗಿದರು. ಅಪ್ಪನ ಪುಸ್ತಕ ಮತ್ತು ಮಗಳ ಪುಸ್ತಕವನ್ನು ಅಕ್ಕಪಕ್ಕ ಇಟ್ಟು 55 ಘಟನೆಗಳನ್ನು ಹೋಲಿಸಿದ ಪ್ರಬಂಧ 1999ರಲ್ಲಿ ಹೊರಬಂತು. ಹಲವು ಘಟನೆಗಳು ಮುಂಚಿತವಾಗಿದ್ದವು, ಕೆಲವು ಅಲುಗಾಡಿರಲಿಲ್ಲ. ಈ ಅಲುಗಾಡದವೂ ನನಗೆ ಮುಖ್ಯವಾಗಿ ಕಾಣುತ್ತವೆ. ಹವೆ ಬಿಸಿಯಾಗುತ್ತಿದೆ ಎಂದ ಮಾತ್ರಕ್ಕೆ ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಹಗಲಿನ ಉದ್ದ ನೋಡಿ ನಡೆಯುವ ಜೀವಿ ಇದ್ದಲ್ಲೇ ಇರುತ್ತದೆ, ಬಿಸಿ ನೋಡಿ ನಡೆಯುವುದು ಮುಂದೆ ಹೋಗುತ್ತದೆ, ಹೂವಿಗೂ ಅದನ್ನು ನಂಬಿದ ಹುಳುವಿಗೂ ತಾಳ ತಪ್ಪುತ್ತದೆ. ನಾಲ್ಕೈದು ವರ್ಷದ ಟ್ಯುಲಿಪ್ ದಾಖಲೆಯಿಂದ ಹವಾಮಾನ ಬದಲಾಗಿದೆ ಎಂದು ಯಾರೂ ಸಾಬೀತು ಮಾಡಲಾರರು, ಮಕ್ಕಳಿಗೆ ಹಾಗೆ ಹೇಳಿಕೊಡಲೂಬೇಡಿ. ಒಂದು ವರ್ಷ ಬೇಗ, ಒಂದು ವರ್ಷ ತಡ, ಅದು ಬರೀ ಆ ವರ್ಷದ ಹವೆ. ಪುಸ್ತಕ ಉಳಿದರೆ ಮುಂದೆ ಅದನ್ನು ಕೈಗೆತ್ತಿಕೊಳ್ಳುವವರು ಹೇಳಿಯಾರು.

ಯುಗಾದಿಯ ಮಾತಿಗೆ ಬರುತ್ತೇನೆ. ಊರಿನಲ್ಲಿ ಹಬ್ಬ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂತು. ಚಾಂದ್ರಮಾನದ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು, ಅಧಿಕಮಾಸ ಬಂದು ಅದನ್ನು ಮತ್ತೆ ಹಿಂದಕ್ಕೆ ಎಳೆಯುತ್ತದೆ. ಇಲ್ಲಿನ ಕ್ಯಾಲೆಂಡರ್ ಪ್ರಕಾರ ವಸಂತ ಶುರುವಾಗುವುದು ಮಾರ್ಚ್ 20ರ ಸುಮಾರಿಗೆ, ಹವಾಮಾನ ಇಲಾಖೆಯವರಿಗೆ ಮಾರ್ಚ್ 1ಕ್ಕೆ. ಟ್ಯುಲಿಪ್ ಇವರಾರನ್ನೂ ಕೇಳುವುದಿಲ್ಲ, ಮಣ್ಣು ಬಿಸಿಯಾದರೆ ಬರುತ್ತದೆ. ಹಬ್ಬದ ಭಾನುವಾರ ಬೇವು-ಬೆಲ್ಲ ಹಂಚಿದ ಮೇಲೆ ಮಕ್ಕಳನ್ನು ತೋಟಕ್ಕೆ ಕರೆದೊಯ್ಯಿರಿ. ಕೆಲವು ವರ್ಷ ಮೊಳಕೆ ಇರುತ್ತದೆ, ಕೆಲವು ವರ್ಷ ಹೆಪ್ಪುಗಟ್ಟಿದ ನೆಲ ಮಾತ್ರ. ಪಂಚಾಂಗದ ವಸಂತವನ್ನೂ ಮಣ್ಣಿನ ವಸಂತವನ್ನೂ ಎರಡು ಅಂಕಣದಲ್ಲಿ ಬರೆಸಿ.

ಮೂರನೇ ಅಂಕಣವೂ ಇರಲಿ ಎಂಬುದು ನನ್ನ ಆಸೆ. ಭಾನುವಾರ ಬೆಳಗ್ಗೆ ಎಲ್ಲರ ಮನೆಯಲ್ಲೂ ಊರಿಗೆ ವಿಡಿಯೊ ಕರೆ ಹೋಗುತ್ತದೆ. ‘ಊಟ ಆಯ್ತಾ ಪುಟ್ಟಾ?’ ‘ಆಯ್ತು ಅಜ್ಜಿ.’ ಅಲ್ಲಿಗೆ ಮುಗಿಯಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಗು ಇನ್ನೊಂದು ಪ್ರಶ್ನೆ ಕೇಳಲಿ: ‘ಅಜ್ಜಿ, ಬೀದಿಯ ಹೊಂಗೆ ಎಲೆ ಉದುರಿಸ್ತಾ? ಚಿಗುರು ಬಂತಾ?’ ಅಜ್ಜಿ ಬಾಗಿಲಾಚೆ ಹೋಗಿ ನೋಡಿ ಹೇಳಬೇಕು. ಒಂದೇ ಮರ, ಪ್ರತಿ ವಾರ. ಭಾರತದಲ್ಲೂ ಇದು ಗಂಭೀರವಾಗಿ ನಡೆಯುತ್ತಿದೆ. ಬೆಂಗಳೂರಿನಲ್ಲಿ ಹುಟ್ಟಿದ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲೆಯ ಮಕ್ಕಳೇ ಒಂದೊಂದು ಮರ ಆರಿಸಿಕೊಂಡು ವಾರವಾರ ಚಿಗುರು, ಹೂವು, ಕಾಯಿ ಗುರುತು ಹಾಕುತ್ತಾರೆ. ಅತಿ ಹೆಚ್ಚು ದಾಖಲೆ ಬಂದದ್ದು ಕೇರಳದ ಶಾಲೆಗಳಿಂದ. ಕರ್ನಾಟಕದ ಶಾಲೆಗಳೇಕೆ ಅಷ್ಟು ಮುಂದೆ ಬರಲಿಲ್ಲವೋ, ಆ ಜಗಳವನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಂಡಿದ್ದೇನೆ.

ಈಗ ಆಗಬೇಕಾದ ಕೆಲಸ. ಗೆಡ್ಡೆಗಳು ಅಂಗಡಿಗೆ ಬರುವುದು ಸೆಪ್ಟೆಂಬರಿನಲ್ಲಿ. ರೆಡ್ ಎಂಪರರ್ ಎಂದೇ ಕೇಳಿ ತರಿಸಿ, ಅದು ಕೆಲವು ಕಡೆ ಮದಾಮ್ ಲೆಫೆಬರ್ ಎಂಬ ಹೆಸರಿನಲ್ಲೂ ಸಿಗುತ್ತದೆ. ಬಣ್ಣಬಣ್ಣದ ಮಿಶ್ರಣದ ಚೀಲ ಅಗ್ಗವೆಂದು ಕೊಂಡರೆ ಇಡೀ ಪ್ರಯೋಗ ಮಣ್ಣುಪಾಲು. ಒಂದು ಶಾಲೆಗೆ 25 ಗೆಡ್ಡೆ ಧಾರಾಳ. ನಮ್ಮಲ್ಲಿ ಯಾರಿಗೂ ಸ್ವಂತ ಕಟ್ಟಡವಿಲ್ಲ, ಆದ್ದರಿಂದ ಕಟ್ಟಡದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಆಮೇಲೆ ಹುಲ್ಲು ಕತ್ತರಿಸುವವರನ್ನು ಹುಡುಕಿ ಮಾತಾಡಿ, ಅವರಿಗೆ ಹೇಳದಿದ್ದರೆ ಏಪ್ರಿಲ್‌ನಲ್ಲಿ ಎಲ್ಲ ನೆಲಸಮ. ಅಮೆರಿಕದಲ್ಲಿ ಅಗೆಯುವ ಮುಂಚೆ 811ಕ್ಕೆ ಕರೆ ಮಾಡಿದರೆ ನೆಲದಡಿಯ ಗ್ಯಾಸ್, ವಿದ್ಯುತ್ ಕೊಳವೆಗಳಿರುವ ಕಡೆ ಬಣ್ಣ ಬಳಿದು ಹೋಗುತ್ತಾರೆ, ಅದಕ್ಕೆ ದುಡ್ಡಿಲ್ಲ. ಅಳಿಲು ಕಾಟಕ್ಕೆ ಕೋಳಿಗೂಡಿನ ತಂತಿಬಲೆ ಹಾಸಿ ಅಂಚಿಗೆ ಕಲ್ಲಿಡಿ. ಮೊಳಕೆ ಅದರ ಕಣ್ಣುಗಳ ನಡುವೆ ಬರುತ್ತದೆ. ಜರ್ನಿ ನಾರ್ತ್‌ನಲ್ಲಿ ನೋಂದಣಿ ತೆರೆದಿದೆಯೇ ಎಂದು ನೋಡಿಕೊಳ್ಳಿ. ಇಲ್ಲವಾದರೂ ನಮ್ಮ ಶಾಲೆಗಳ ನಡುವೆಯೇ ಒಂದು ಪಟ್ಟಿ ಇಟ್ಟುಕೊಳ್ಳಬಹುದು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಒಪ್ಪಿಗೆ ಪತ್ರದ ಮಾದರಿಯೊಂದು ನನ್ನಲ್ಲಿದೆ. ಬೇಕಾದವರು ಮಣ್ಣು ಕಲ್ಲಾಗುವ ಮುಂಚೆ ಕೇಳಿ, ಕಳಿಸುತ್ತೇನೆ.

ಇಂತಿ ನಿಮ್ಮ,
ವಿಸ್ಕಾನ್ಸಿನ್‌ನ ಒಬ್ಬ ಕನ್ನಡ ಮೇಡಂ